ಸೈನ್ಯ ಕಟ್ಟಿದ ತಂಡ, ಆಟಗಾರರು ತೆತ್ತ ಬೆಲೆ: ಸಿಎಸ್‌ಕೆಎ ಮಾಸ್ಕೋ ಬಗ್ಗೆ ನಿಮ್ಮ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಐಸ್ ಹಾಕಿ ಬಗ್ಗೆ ಕೇಳಿದ್ದವರೊಬ್ಬರಿಗೆ ಉತ್ತರ ಬರೆಯುವಾಗ ಮಾಸ್ಕೋದ ಸಿಎಸ್‌ಕೆಎ ತಂಡದ ಹೆಸರು ಹೇಳಿದ್ದೆ. ಒಂದು ಕ್ಲಬ್ ಸತತವಾಗಿ 13 ವರ್ಷ ದೇಶದ ಚಾಂಪಿಯನ್ ಆಗಿತ್ತು ಅಂತ ಒಂದೇ ಸಾಲು. ಅದನ್ನು ಓದಿ ಬಹಳ ಜನ ಪತ್ರ ಬರೆದಿದ್ದೀರಿ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಆ ತಂಡಕ್ಕೇ.

ಪ್ರಶ್ನೆ: ಸಿಎಸ್‌ಕೆಎ ಫುಟ್‌ಬಾಲ್ ಕ್ಲಬ್ ಅಲ್ವಾ? ಹಾಕಿ ತಂಡ ಬೇರೆಯಾ? ಯಾವಾಗ ಶುರುವಾಯಿತು? (ಹಾಸನದ ಓದುಗರು)

ಎರಡೂ ಒಂದೇ ಬೇರಿನವು. ಅದು ಸೋವಿಯತ್ ಸೈನ್ಯದ ಕೇಂದ್ರ ಕ್ರೀಡಾ ಕ್ಲಬ್. ಫುಟ್‌ಬಾಲ್, ಬಾಸ್ಕೆಟ್‌ಬಾಲ್, ಹಾಕಿ ಎಲ್ಲ ಅದರ ನೆರಳಲ್ಲೇ ಬೆಳೆದವು. ಹಾಕಿ ತಂಡ ಹುಟ್ಟಿದ್ದು 1946ರಲ್ಲಿ, ಆಗಿನ ಹೆಸರು ಸಿಡಿಕೆಎ. ಆಮೇಲೆ ಒಂದೆರಡು ಸಲ ಹೆಸರು ಬದಲಾಗಿ 1960ರಲ್ಲಿ ಸಿಎಸ್‌ಕೆಎ ಆಯಿತು.

ರಷ್ಯದವರಿಗೆ ಈ ಆಟವೇ ಆಗ ಹೊಸದು. ಅವರು ಆಡುತ್ತಿದ್ದದ್ದು ಬ್ಯಾಂಡಿ. ಫುಟ್‌ಬಾಲ್ ಮೈದಾನದಷ್ಟು ದೊಡ್ಡ ಐಸ್, ಒಂದೊಂದು ಕಡೆ ಹನ್ನೊಂದು ಜನ, ಪಕ್ (ಚಪ್ಪಟೆ ರಬ್ಬರ್ ಬಿಲ್ಲೆ) ಬದಲು ಚೆಂಡು. ಚಿಕ್ಕ ಅಂಕಣದಲ್ಲಿ ಪಕ್ ಇಟ್ಟು ಆಡುವುದನ್ನು ಅವರು ಕೆನಡಾ ಹಾಕಿ ಅನ್ನುತ್ತಿದ್ದರು. ಅದರ ಮೊದಲ ಸೋವಿಯತ್ ಚಾಂಪಿಯನ್‌ಶಿಪ್ ಶುರುವಾಗಿದ್ದು 1946ರ ಡಿಸೆಂಬರ್‌ನಲ್ಲಿ. ಮೊದಲ ವರ್ಷ ಡೈನಮೊ ಮಾಸ್ಕೋ ಗೆದ್ದಿತು, ಮುಂದಿನ ಮೂರು ವರ್ಷ ಸೈನ್ಯದ ತಂಡ. ಇದರಲ್ಲಿ ನನಗೆ ಇವತ್ತಿಗೂ ಅಚ್ಚರಿ ಅನ್ನಿಸುವ ಸಂಗತಿ ಒಂದಿದೆ. ಆಟ ಶುರುಮಾಡಿ ಎಂಟು ವರ್ಷ ತುಂಬುವುದರೊಳಗೆ, 1954ರಲ್ಲಿ, ಈ ಜನ ಸ್ಟಾಕ್‌ಹೋಮ್‌ಗೆ ಮೊದಲ ಸಲ ವಿಶ್ವ ಚಾಂಪಿಯನ್‌ಶಿಪ್ ಆಡಲು ಹೋಗಿ ಕೆನಡಾವನ್ನು 7–2ರಿಂದ ಸೋಲಿಸಿ ಕಪ್ ತಂದರು! ಆ ತಂಡದ ನಾಯಕ ವ್ಸೆವೊಲೊದ್ ಬೊಬ್ರೊವ್. ಅವರು 1952ರ ಒಲಿಂಪಿಕ್ಸ್‌ನಲ್ಲಿ ಸೋವಿಯತ್ ಫುಟ್‌ಬಾಲ್ ತಂಡದ ನಾಯಕ, 1956ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಹಾಕಿ ತಂಡದ ನಾಯಕ. ಎರಡು ಆಟದಲ್ಲಿ ಆ ಎತ್ತರಕ್ಕೆ ಹೋದವರು ತೀರಾ ವಿರಳ.

ಪ್ರಶ್ನೆ: ನಾನು ನಿವೃತ್ತ ಸೈನಿಕ. ನಮ್ಮ ಬೆಂಗಳೂರಿನ ಎಎಸ್‌ಸಿ, ಎಂಇಜಿ ತಂಡಗಳಲ್ಲೂ ಒಳ್ಳೊಳ್ಳೆ ಆಟಗಾರರಿದ್ದರು. ಸಿಎಸ್‌ಕೆಎ ಕೂಡ ಅದೇ ತರಹದ್ದೇ? (ಬೆಂಗಳೂರಿನ ಓದುಗರು)

ಹೊರಗಿನಿಂದ ನೋಡಿದರೆ ಹಾಗೇ. ಒಳಗೆ ಒಂದು ದೊಡ್ಡ ವ್ಯತ್ಯಾಸ ಇದೆ. ನಮ್ಮಲ್ಲಿ ಸೈನ್ಯಕ್ಕೆ ಸೇರುವುದು ನಮ್ಮಿಷ್ಟ. ಸೋವಿಯತ್ ದೇಶದಲ್ಲಿ ಹದಿನೆಂಟು ತುಂಬಿದ ಹುಡುಗರಿಗೆ ಸೈನ್ಯ ಸೇವೆ ಕಡ್ಡಾಯ. ಯಾವುದೋ ಊರಿನ ತಂಡದಲ್ಲಿ ಒಬ್ಬ ಚೆನ್ನಾಗಿ ಆಡುತ್ತಿದ್ದಾನೆ ಅಂದುಕೊಳ್ಳಿ. ಅವನಿಗೆ ಕರೆ ಬರುತ್ತಿತ್ತು, ಅವನು ಸೈನ್ಯದ ಕ್ಲಬ್ಬಿಗೆ ಬರುತ್ತಿದ್ದ. ಅವನಿಗಾಗಿ ಅವನ ಊರಿನ ತಂಡ ಹತ್ತು ವರ್ಷ ಬೆವರು ಸುರಿಸಿದ್ದರೂ ಕೇಳುವವರಿಲ್ಲ. ಆಮೇಲೆ ಅವನನ್ನು ಅಧಿಕಾರಿ ಮಾಡಿ ರ‍್ಯಾಂಕ್ ಕೊಡುತ್ತಿದ್ದರು. ಅಲ್ಲಿಗೆ ಬಿಟ್ಟು ಹೋಗುವ ದಾರಿಯೂ ಮುಚ್ಚಿತು ಅಂತಲೇ ಲೆಕ್ಕ. ಈ ರ‍್ಯಾಂಕಿನ ವಿಷಯ ನೆನಪಿಟ್ಟುಕೊಳ್ಳಿ, ಕೆಳಗೆ ಮತ್ತೆ ಬರುತ್ತದೆ.

ಬೇರೆ ಕ್ಲಬ್‌ಗಳಿಗೂ ಬೆನ್ನ ಹಿಂದೆ ಯಾರೋ ಇದ್ದರು. ಡೈನಮೊಗೆ ಪೊಲೀಸ್ ಮತ್ತು ಗುಪ್ತಚರ ಇಲಾಖೆ, ಸ್ಪಾರ್ಟಕ್‌ಗೆ ಕಾರ್ಮಿಕ ಸಂಘಗಳು, ಕ್ರಿಲ್ಯಾ ಸೊವೆಟೊವ್‌ಗೆ ವಿಮಾನ ಕಾರ್ಖಾನೆಗಳು. ವಾಯುಪಡೆಗೂ ಒಂದು ತಂಡ ಇತ್ತು, ಅದನ್ನು ಸ್ಟಾಲಿನ್ ಮಗ ವಾಸಿಲಿ ತನ್ನ ಸ್ವಂತ ಆಸ್ತಿಯಂತೆ ನಡೆಸುತ್ತಿದ್ದ. ಬೊಬ್ರೊವ್ ಅವರನ್ನೂ ಅಲ್ಲಿಗೆ ಎಳೆದುಕೊಂಡ. 1950ರ ಜನವರಿಯಲ್ಲಿ ಸ್ವೆರ್ದ್ಲೊವ್‌ಸ್ಕ್ ಬಳಿ ಆ ತಂಡದ ವಿಮಾನ ಬಿದ್ದು 11 ಆಟಗಾರರು ಸತ್ತರು. ಸುದ್ದಿಯನ್ನು ಹೊರಗೆ ಬಿಡದೆ ಹೊಸಬರನ್ನು ತುಂಬಿಸಿ ಆಡಿಸಿದರು. ವಿಮಾನ ತಪ್ಪಿಸಿಕೊಂಡಿದ್ದ ಬೊಬ್ರೊವ್ ಬದುಕಿದರು. ಆಟಗಾರರನ್ನು ಮನುಷ್ಯರಂತೆ ನೋಡದ ಆ ಕಾಲದ ರೀತಿ ಇದರಲ್ಲೇ ಕಾಣುತ್ತದೆ.

ಪ್ರಶ್ನೆ: ದೇಶದ ಒಳ್ಳೆಯವರನ್ನೆಲ್ಲ ಬಾಚಿಕೊಂಡ ಮೇಲೆ ಗೆಲ್ಲುವುದರಲ್ಲಿ ಏನು ದೊಡ್ಡಸ್ತಿಕೆ? (ಮಂಗಳೂರಿನ ಓದುಗರು)

ನಿಮ್ಮ ಪ್ರಶ್ನೆ ನ್ಯಾಯವಾಗಿದೆ. ಸೋವಿಯತ್ ಕಾಲದ 46 ಚಾಂಪಿಯನ್‌ಶಿಪ್‌ಗಳಲ್ಲಿ 32 ಈ ಒಂದೇ ತಂಡಕ್ಕೆ ಹೋದವು. 1977ರಿಂದ 1989ರವರೆಗೆ ಬೇರೆ ಯಾರಿಗೂ ಬಾಗಿಲೇ ತೆರೆಯಲಿಲ್ಲ. ಯುರೋಪಿಯನ್ ಕಪ್ 20 ಸಲ. ದೇಶದೊಳಗಿನ ಪೈಪೋಟಿ ಸಮವಾಗಿರಲಿಲ್ಲ, ಇದನ್ನು ಮುಚ್ಚಿಟ್ಟು ಆ ತಂಡವನ್ನು ಹೊಗಳುವುದು ತಪ್ಪು.

ಆದರೆ ಒಳ್ಳೆಯವರನ್ನು ಒಂದು ಕಡೆ ಸೇರಿಸಿದ ಮಾತ್ರಕ್ಕೆ ಹಾಗೆ ಆಡಲು ಬರುವುದಿಲ್ಲ. ಆ ಆಟವನ್ನು ಯೋಚಿಸಿ ಕಟ್ಟಿದವರು ಅನತೋಲಿ ತರಾಸೊವ್. 1940ರ ದಶಕದ ಕೊನೆಯಿಂದ 1970ರ ದಶಕದವರೆಗೆ, ನಡುನಡುವೆ ಬಿಡುವು ಬಿಟ್ಟು, ಈ ತಂಡಕ್ಕೆ ಕೋಚ್. ಶುರುವಿನಲ್ಲಿ ಇವರ ಬಳಿ ಏನೂ ಇರಲಿಲ್ಲ. ಮಾಸ್ಕೋದ ಲುಜ್ನಿಕಿ ಕ್ರೀಡಾ ಅರಮನೆ ಬಂದದ್ದೇ 1956ರಲ್ಲಿ. ಬೇಸಿಗೆಯಲ್ಲಿ ಐಸ್ ಎಲ್ಲಿಂದ ತರುವುದು? ಹಾಗಾಗಿ ಅವರು ಹುಡುಗರನ್ನು ನೆಲದ ಮೇಲೆ ಓಡಿಸಿದರು, ಭಾರ ಎತ್ತಿಸಿದರು, ಫುಟ್‌ಬಾಲ್ ಆಡಿಸಿದರು, ಲಾಗ ಹಾಕಿಸಿದರು, ಬ್ಯಾಲೆ ನೃತ್ಯದಿಂದಲೂ ಚಲನೆ ಎರವಲು ತಂದರು.

ಕೆನಡಾದವರನ್ನು ನಕಲು ಮಾಡಬಾರದು ಅನ್ನುವುದು ಅವರ ಹಠ. ಕೆನಡಾದ ರೀತಿ ಹೇಗಿತ್ತು ಅಂದರೆ, ಪಕ್ಕನ್ನು ಎದುರಾಳಿ ಮೂಲೆಗೆ ಹೊಡೆಯುವುದು, ಹಿಂದೆ ನುಗ್ಗುವುದು, ಮೈಮೇಲೆ ಬಿದ್ದು ಕಿತ್ತುಕೊಳ್ಳುವುದು. ಕಷ್ಟಪಟ್ಟು ಸಿಕ್ಕ ಪಕ್ಕನ್ನು ಹಾಗೆ ಎಸೆದುಬಿಡುವುದು ತರಾಸೊವ್ ಶಿಷ್ಯರಿಗೆ ಆಗದು. ದಾರಿ ಸಿಗದಿದ್ದರೆ ಹಿಂದಕ್ಕೆ ತಿರುಗುತ್ತಾರೆ, ಜೊತೆಯವನಿಗೆ ಕೊಡುತ್ತಾರೆ, ಮತ್ತೆ ಬರುತ್ತಾರೆ. ಐವರೂ ಒಟ್ಟಿಗೆ ಇಳಿದು ಒಟ್ಟಿಗೆ ಹೊರಬರುತ್ತಾರೆ. ಕಬಡ್ಡಿಯಲ್ಲಿ ಕೈ ಹಿಡಿದ ಸರಪಳಿ ಪೂರ್ತಿ ಒಂದು ಕಡೆಗೆ ಜರುಗುತ್ತದಲ್ಲ, ಹಾಗೆ ಒಬ್ಬ ಸರಿದರೆ ಉಳಿದ ನಾಲ್ವರ ಜಾಗವೂ ಬದಲಾಗುತ್ತದೆ. ಪಕ್ ಇರುವವನಿಗಿಂತ ಇಲ್ಲದವನು ಎಲ್ಲಿಗೆ ಓಡುತ್ತಾನೆ ಅನ್ನುವುದು ಮುಖ್ಯ. ಇದು ಸೈನ್ಯದ ಆದೇಶದಿಂದ ಬರುವ ವಿದ್ಯೆ ಅಲ್ಲ. 1974ರಲ್ಲಿ ಟೊರಾಂಟೊದ ಹಾಕಿ ಹಾಲ್ ಆಫ್ ಫೇಮ್ ತರಾಸೊವ್ ಅವರನ್ನು ಸೇರಿಸಿಕೊಂಡಿತು, ಅದೂ ಶೀತಲ ಸಮರದ ನಡುವೆ. ಎದುರಾಳಿಗಳೇ ಒಪ್ಪಿಕೊಂಡ ಮೇಲೆ ಇನ್ನೇನು ಬೇಕು?

ಮನುಷ್ಯ ಸುಲಭದವರಲ್ಲ. 1969ರ ಮೇ ತಿಂಗಳಲ್ಲಿ ಸ್ಪಾರ್ಟಕ್ ವಿರುದ್ಧದ ಪಂದ್ಯ, ಚಾಂಪಿಯನ್ ಯಾರು ಅಂತ ತೀರ್ಮಾನವಾಗುವ ಆಟ. ಗಡಿಯಾರದ ಗೊಂದಲದಲ್ಲಿ ಸಿಎಸ್‌ಕೆಎಯ ಒಂದು ಗೋಲನ್ನು ರೆಫರಿ ಒಪ್ಪಲಿಲ್ಲ. ತರಾಸೊವ್ ತಂಡವನ್ನು ಒಳಗೆ ಕರೆದುಕೊಂಡು ಹೋಗಿ ಅರ್ಧ ಗಂಟೆಗೂ ಮೇಲೆ ಹೊರಗೆ ಬಿಡಲಿಲ್ಲ. ಗ್ಯಾಲರಿಯಲ್ಲಿ ದೇಶದ ನಾಯಕ ಬ್ರೆಜ್ನೆವ್ ಕೂತಿದ್ದರು! ಕೊನೆಗೆ ಸ್ಪಾರ್ಟಕ್ 3–1ರಿಂದ ಗೆದ್ದು ಚಾಂಪಿಯನ್ ಆಯಿತು, ತರಾಸೊವ್ ಅವರ ಗೌರವ ಬಿರುದನ್ನು ಸರ್ಕಾರ ಕಿತ್ತುಕೊಂಡಿತು. ಅದೇ ವರ್ಷ ವಾಪಸ್ ಕೊಟ್ಟರು ಅನ್ನಿ.

ಪ್ರಶ್ನೆ: ನಮ್ಮ ಕೊಡಗಿನ ಹಾಕಿಗೂ ಇದಕ್ಕೂ ಏನಾದರೂ ಸಂಬಂಧ ಇದೆಯೇ? (ವಿರಾಜಪೇಟೆಯ ಓದುಗರು)

ನೇರ ಸಂಬಂಧ ಇಲ್ಲ. ಆದರೆ 1980ರಲ್ಲಿ ಎರಡೂ ಕಥೆ ಅಕ್ಕಪಕ್ಕ ಬಂದವು. ಫೆಬ್ರವರಿಯಲ್ಲಿ ಅಮೆರಿಕದ ಲೇಕ್ ಪ್ಲಾಸಿಡ್‌ನ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ, ಹೆಚ್ಚಿನವರು ಸಿಎಸ್‌ಕೆಎಯವರೇ ಇದ್ದ ಸೋವಿಯತ್ ತಂಡ ಅಮೆರಿಕದ ಕಾಲೇಜು ಹುಡುಗರಿಗೆ 4–3ರಿಂದ ಸೋತಿತು. ಜುಲೈನಲ್ಲಿ ಅದೇ ಮಾಸ್ಕೋದ ಒಲಿಂಪಿಕ್ಸ್‌ನಲ್ಲಿ ನಮ್ಮವರು ಸ್ಪೇನ್ ಮೇಲೆ 4–3ರಿಂದ ಗೆದ್ದು ಹಾಕಿ ಚಿನ್ನ ತಂದರು, ಆ ತಂಡದಲ್ಲಿ ಕೊಡಗಿನ ಎಂ.ಎಂ. ಸೋಮಯ್ಯ ಇದ್ದರು.

ಪ್ರಶ್ನೆ: ಖರ್ಲಾಮೊವ್ ಅನ್ನುವ ಹೆಸರು ಎಲ್ಲಿ ಓದಿದರೂ ಬರುತ್ತದೆ. ಯಾರು ಅವರು? (ಧಾರವಾಡದ ಓದುಗರು)

ನನ್ನ ಪಾಲಿಗೆ ಈ ಕ್ಲಬ್ಬಿನ ದೊಡ್ಡ ಆಟಗಾರ. ವಲೇರಿ ಖರ್ಲಾಮೊವ್, ಹುಟ್ಟಿದ್ದು 1948, ಮಾಸ್ಕೋ. ಅಪ್ಪ ಕಾರ್ಖಾನೆ ಕೆಲಸಗಾರ. ಅಮ್ಮ ಸ್ಪೇನಿನ ಬಾಸ್ಕ್ ಸೀಮೆಯವರು, ಅಲ್ಲಿನ ಅಂತರ್ಯುದ್ಧದ ಕಾಲದಲ್ಲಿ ಮಕ್ಕಳನ್ನು ರಷ್ಯಕ್ಕೆ ಸಾಗಿಸಿದಾಗ ಬಂದವರು. ಚಿಕ್ಕವನಿದ್ದಾಗ ಹುಡುಗನಿಗೆ ಹೃದಯದ ತೊಂದರೆ ಇದೆ ಅಂತ ಡಾಕ್ಟರು ಶಾಲೆಯ ಆಟದ ಪೀರಿಯಡ್ಡಿಗೂ ಹೋಗಕೂಡದು ಅಂದಿದ್ದರು. ಅಪ್ಪ ಕೇಳಲಿಲ್ಲ. ಹದಿನಾಲ್ಕರ ಹೊತ್ತಿಗೆ ಮಗನನ್ನು ಸಿಎಸ್‌ಕೆಎ ಹಾಕಿ ಶಾಲೆಗೆ ಕರೆದುಕೊಂಡು ಹೋದರು. ಸಣ್ಣ ಮೈಕಟ್ಟು, ತರಾಸೊವ್‌ಗೂ ಮೊದಲು ನಂಬಿಕೆ ಬರಲಿಲ್ಲ. ಉರಾಲ್ ಕಡೆಯ ಚೆಬಾರ್ಕುಲ್ ಅನ್ನುವ ಊರಿನ ಸೈನ್ಯದ ಚಿಕ್ಕ ತಂಡಕ್ಕೆ ಕಳಿಸಿದರು. ಅಲ್ಲಿ ಗೋಲಿನ ಮೇಲೆ ಗೋಲು ಹೊಡೆದು ವಾಪಸ್ ಬಂದ. ಆಮೇಲೆ ಮಿಖೈಲೊವ್, ಪೆತ್ರೊವ್, ಖರ್ಲಾಮೊವ್ ಅನ್ನುವ ಮೂವರ ಸಾಲು.

1972ರ ಸೆಪ್ಟೆಂಬರ್ 2ರಂದು ಮಾಂಟ್ರಿಯಲ್‌ನಲ್ಲಿ ಕೆನಡಾದ ವೃತ್ತಿಪರ ತಾರೆಯರ ಎದುರು ಸೋವಿಯತ್ ತಂಡ ಮೊದಲ ಸಲ ಆಡಿ 7–3ರಿಂದ ಗೆದ್ದಾಗ ಅವರು ಎರಡು ಗೋಲು ಹೊಡೆದರು. ಅದೇ ಸರಣಿಯ ಆರನೇ ಪಂದ್ಯದಲ್ಲಿ ಕೆನಡಾದ ಬಾಬಿ ಕ್ಲಾರ್ಕ್, ಖರ್ಲಾಮೊವ್ ಅವರ ಪಾದದ ಗಂಟಿಗೆ ಬೇಕಂತಲೇ ಕೋಲಿನಿಂದ ಬಾರಿಸಿದ. ಅಷ್ಟು ಹೆದರಿದ್ದರು ಅವರಿಗೆ. ವೇಗ ಎಲ್ಲರಲ್ಲೂ ಇತ್ತು. ಇವರು ಮಾತ್ರ ವೇಗದ ನಡುವೆ ಇನ್ನೊಂದು ವೇಗಕ್ಕೆ ಹೋಗುತ್ತಿದ್ದರು, ಎದುರಿನ ಡಿಫೆಂಡರ್ ಎಡಕ್ಕೆ ವಾಲುವಷ್ಟರಲ್ಲಿ ಪಕ್ ಅವನ ಕಾಲಿನ ಸಂದಿನಲ್ಲಿ, ಇವರು ಬಲಕ್ಕೆ.

1981ರಲ್ಲಿ ದೇಶಗಳ ನಡುವಿನ ಕೆನಡಾ ಕಪ್‌ಗೆ ಕೋಚ್ ವಿಕ್ತರ್ ತಿಖೊನೊವ್, ಖರ್ಲಾಮೊವ್ ಅವರನ್ನು ಬಿಟ್ಟು ತಂಡ ಕರೆದುಕೊಂಡು ಹೊರಟರು. ಆಗಸ್ಟ್ 27ರ ಬೆಳಗ್ಗೆ ಮಾಸ್ಕೋ ಹೊರಗಿನ ಲೆನಿನ್‌ಗ್ರಾದ್ ಹೆದ್ದಾರಿಯಲ್ಲಿ ಕಾರು ಲಾರಿಗೆ ಹೊಡೆಯಿತು. ಅವರು, ಹೆಂಡತಿ ಇರೀನಾ, ಒಬ್ಬ ಸಂಬಂಧಿ, ಮೂವರೂ ಹೋದರು. ವಯಸ್ಸು 33. ತಂಡದವರು ಕೆನಡಾದಲ್ಲಿದ್ದರು, ಅಂತ್ಯಕ್ರಿಯೆಗೆ ಬರಲು ಆಗಲಿಲ್ಲ. ಅವರು ಫೈನಲ್‌ನಲ್ಲಿ ಕೆನಡಾವನ್ನು 8–1ರಿಂದ ಸೋಲಿಸಿ ಬಂದರು.

ಪ್ರಶ್ನೆ: ಅಮೆರಿಕದ ಕ್ಲಬ್‌ಗಳ ಎದುರು ಸಿಎಸ್‌ಕೆಎ ಆಡಿದೆಯೇ? (ಶಿವಮೊಗ್ಗದ ಓದುಗರು)

ಆಡಿದೆ. ಅದರಲ್ಲಿ ಮೊದಲ ಪ್ರವಾಸವೇ ಎಲ್ಲಕ್ಕಿಂತ ಹೆಸರಾದದ್ದು. 1975ರ ಡಿಸೆಂಬರ್ ಕೊನೆಗೆ ಹೊರಟ ತಂಡ ನ್ಯೂಯಾರ್ಕ್ ರೇಂಜರ್ಸ್ ಮೇಲೆ 7–3, ಬಾಸ್ಟನ್ ಬ್ರುಯಿನ್ಸ್ ಮೇಲೆ 5–2ರಿಂದ ಗೆದ್ದಿತು. ನಡುವೆ ಡಿಸೆಂಬರ್ 31ರ ರಾತ್ರಿ ಮಾಂಟ್ರಿಯಲ್ ಕೆನೆಡಿಯನ್ಸ್ ಜೊತೆ 3–3. ಮಾಂಟ್ರಿಯಲ್‌ನವರು ಗೋಲಿಗೆ ಹೊಡೆದದ್ದು 38 ಸಲ, ಸಿಎಸ್‌ಕೆಎ 13 ಸಲ. ಗೋಲ್‌ಕೀಪರ್ ವ್ಲಾದಿಸ್ಲಾವ್ ತ್ರೆತ್ಯಾಕ್ ಗೋಡೆಯಾಗಿ ನಿಂತರು. ಕೊಟ್ಟ 13 ಅವಕಾಶದಲ್ಲಿ ಮೂರನ್ನು ಗೋಲು ಮಾಡಿದ್ದು ಆ ಫಾರ್ವರ್ಡ್‌ಗಳ ಕೈಚಳಕ.

ಕೊನೆಯ ಪಂದ್ಯ ಜನವರಿ 11ರಂದು ಫಿಲಡೆಲ್ಫಿಯಾ ಫ್ಲೈಯರ್ಸ್ ಜೊತೆ. ಉತ್ತರ ಅಮೆರಿಕದ ವೃತ್ತಿಪರ ಲೀಗಿನ ಸ್ಟಾನ್ಲಿ ಕಪ್ ಎರಡು ವರ್ಷ ಸತತ ಗೆದ್ದ ತಂಡ ಅದು, ಹೊಡೆದಾಟಕ್ಕೂ ಅಷ್ಟೇ ಹೆಸರು. ಎಡ್ ವ್ಯಾನ್ ಇಂಪ್ ಅನ್ನುವ ಡಿಫೆಂಡರ್ ಖರ್ಲಾಮೊವ್ ಅವರನ್ನು ಗುದ್ದಿ ಕೆಡವಿದ. ರೆಫರಿ ಶಿಕ್ಷೆ ಕೊಡಲಿಲ್ಲ. ಆಗಿನ ಕೋಚ್ ಕೊನ್‌ಸ್ತಾಂತಿನ್ ಲೊಕ್ತೆವ್ ತಂಡವನ್ನು ಒಳಗೆ ಕರೆದೊಯ್ದರು. ಆಡದಿದ್ದರೆ ಪ್ರವಾಸದ ಹಣ ಸಿಗುವುದಿಲ್ಲ ಅಂದ ಮೇಲೆ ವಾಪಸ್ ಬಂದು 4–1ರಿಂದ ಸೋತರು. ಫ್ಲೈಯರ್ಸ್ ಅವತ್ತು ಚೆನ್ನಾಗಿಯೇ ಆಡಿದರು, 49 ಹೊಡೆತ ಗೋಲಿಗೆ ಹೋಗಿವೆ. ಆದರೆ ಆ ಗುದ್ದು ಆಟ ಅಲ್ಲ, ಅದನ್ನು ಆಟ ಅಂತ ಯಾರು ಹೇಳಿದರೂ ನಾನು ಒಪ್ಪುವುದಿಲ್ಲ.

ಪ್ರಶ್ನೆ: ತ್ರೆತ್ಯಾಕ್ ಅಷ್ಟು ಬೇಗ ಆಟ ಬಿಟ್ಟದ್ದೇಕೆ? (ಮೈಸೂರಿನ ಓದುಗರು)

ಮನೆಯಲ್ಲಿ ಮಲಗಲು ಬಿಡಲಿಲ್ಲ, ಅದಕ್ಕೆ. ಸುಮ್ನೆ ಹೇಳುತ್ತಿಲ್ಲ. 1977ರಲ್ಲಿ ರೀಗಾದಿಂದ ಬಂದ ತಿಖೊನೊವ್ ತಂಡವನ್ನು ಮಾಸ್ಕೋ ಹೊರಗಿನ ಅರ್ಖಾಂಗೆಲ್‌ಸ್ಕೊಯೆ ಕ್ಯಾಂಪಿನಲ್ಲಿ ವರ್ಷದ ಹೆಚ್ಚಿನ ತಿಂಗಳು ಇಟ್ಟುಕೊಳ್ಳುತ್ತಿದ್ದರು. ಮದುವೆಯಾಗಿ ಮಕ್ಕಳಿದ್ದವರಿಗೂ ಅದೇ ಕಾನೂನು. ಮೂರು ಒಲಿಂಪಿಕ್ ಚಿನ್ನ, ಹತ್ತು ವಿಶ್ವ ಚಾಂಪಿಯನ್‌ಶಿಪ್ ಗೆದ್ದ ತ್ರೆತ್ಯಾಕ್ 1984ರಲ್ಲಿ ಕೇಳಿದ್ದು ಇಷ್ಟೇ: ನಾನು ಮನೆಯಲ್ಲಿದ್ದು ಅಭ್ಯಾಸಕ್ಕೆ ಬರುತ್ತೇನೆ, ಪಂದ್ಯದ ಮುಂಚೆ ಮಾತ್ರ ಕ್ಯಾಂಪಿಗೆ ಸೇರುತ್ತೇನೆ. ಆಗುವುದಿಲ್ಲ ಅಂದರು. 32ನೇ ವಯಸ್ಸಿಗೆ ಕೈಗವಸು ಬಿಚ್ಚಿಟ್ಟರು, ಗೋಲ್‌ಕೀಪರ್ ಒಬ್ಬ ಇನ್ನೂ ಆರೇಳು ವರ್ಷ ಆಡಬಹುದಾದ ವಯಸ್ಸು ಅದು. 1983ರಲ್ಲೇ ಮಾಂಟ್ರಿಯಲ್ ಕ್ಲಬ್ ಅವರನ್ನು ಆರಿಸಿತ್ತು, ಹೋಗಲು ಬಿಡಲಿಲ್ಲ.

ಪ್ರಶ್ನೆ: ಇಷ್ಟು ಗೆಲ್ಲುತ್ತಿದ್ದ ತಂಡ 1989ರ ನಂತರ ಒಮ್ಮೆಲೇ ಕುಸಿದದ್ದು ಹೇಗೆ? (ಕಲಬುರಗಿಯ ಓದುಗರು)

ಒಮ್ಮೆಲೇ ಅಲ್ಲ, ಒಳಗೆ ಬಿರುಕು ಮೊದಲೇ ಬಿಟ್ಟಿತ್ತು. 80ರ ದಶಕದ ಐವರ ಹೆಸರು ಕೇಳಿರುತ್ತೀರಿ. ಮುಂದೆ ಕ್ರುತೊವ್, ಲರಿಯೊನೊವ್, ಮಕಾರೊವ್. ಹಿಂದೆ ಫೆತಿಸೊವ್, ಕಸತೊನೊವ್. ಅಭ್ಯಾಸದಲ್ಲಿ ಹಾಕುತ್ತಿದ್ದ ಅಂಗಿಯಿಂದ ಹಸಿರು ಐವರು ಅಂತಲೇ ಹೆಸರು. ಇಂಥ ಹೊಂದಾಣಿಕೆಯ ಆಟ ಆಮೇಲೆ ಬಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

1988ರ ಅಕ್ಟೋಬರ್‌ನಲ್ಲಿ ಲರಿಯೊನೊವ್ ‘ಒಗೊನ್ಯೋಕ್’ ವಾರಪತ್ರಿಕೆಯಲ್ಲಿ ತಿಖೊನೊವ್‌ಗೆ ಬಹಿರಂಗ ಪತ್ರ ಬರೆದರು. ಹೆಂಡತಿ ಮಕ್ಕಳಿಂದ ದೂರ ಇಡುವುದು, ಮಾತಿಗೆ ಬೆಲೆ ಇಲ್ಲದಿರುವುದು, ಎಲ್ಲ ಅದರಲ್ಲಿತ್ತು. ಸೈನ್ಯದ ರ‍್ಯಾಂಕ್ ಇರುವ ಆಟಗಾರ ತನ್ನ ಕೋಚ್ ಬಗ್ಗೆ ಹೀಗೆ ಅಚ್ಚಿನಲ್ಲಿ ಬರೆಯುವುದು ಎಂಥ ಧೈರ್ಯ ಯೋಚಿಸಿ. ನಾಯಕ ಫೆತಿಸೊವ್‌ಗೆ 1988ರ ಒಲಿಂಪಿಕ್ಸ್ ಆದ ಮೇಲೆ ಅಮೆರಿಕಕ್ಕೆ ಬಿಡುತ್ತೇವೆ ಅಂದಿದ್ದರು, ಮಾತು ಉಳಿಸಿಕೊಳ್ಳಲಿಲ್ಲ. ಅವರು ತಿಖೊನೊವ್ ಕೈಕೆಳಗೆ ಇನ್ನು ಆಡುವುದಿಲ್ಲ ಅಂದರು. ತಂಡದಿಂದ ಹೊರಗೆ ಹಾಕಿದರು. ಆಗ ಜೊತೆಯವರು ಟಿವಿಯಲ್ಲಿ ಕೂತು, ಅವರಿಲ್ಲದೆ ನಾವು 1989ರ ವಿಶ್ವ ಚಾಂಪಿಯನ್‌ಶಿಪ್‌ಗೆ ಹೋಗುವುದಿಲ್ಲ ಅಂದರು. ಸೇರಿಸಿಕೊಳ್ಳಲೇಬೇಕಾಯಿತು. ಕಸತೊನೊವ್ ಮಾತ್ರ ಕೋಚ್ ಕಡೆ ಉಳಿದರು. ವರ್ಷಗಟ್ಟಲೆ ಒಂದೇ ಜೋಡಿಯಾಗಿ ಆಡಿದ್ದ ಇಬ್ಬರು ಆಮೇಲೆ ನ್ಯೂಜೆರ್ಸಿಯಲ್ಲಿ ಒಂದೇ ತಂಡ ಸೇರಿದರೂ ಮಾತು ಬಿಟ್ಟಿದ್ದರು.

ಸ್ಟಾಕ್‌ಹೋಮ್‌ನ ಆ ಚಾಂಪಿಯನ್‌ಶಿಪ್ ಗೆದ್ದ ಕೂಡಲೇ ಇಪ್ಪತ್ತರ ಹುಡುಗ ಅಲೆಕ್ಸಾಂದರ್ ಮೊಗಿಲ್ನಿ ತಂಡದಿಂದ ತಪ್ಪಿಸಿಕೊಂಡು ಅಮೆರಿಕದ ಬಫಲೊಗೆ ಹಾರಿದ. ಅವನಿಗೂ ರ‍್ಯಾಂಕ್ ಇತ್ತು, ಹಾಗಾಗಿ ಸೈನ್ಯ ಬಿಟ್ಟು ಓಡಿದ ಅಪರಾಧ ಅವನ ಮೇಲೆ ಬಂತು. ಮರುವರ್ಷ ಸೆರ್ಗೈ ಫೆದೊರೊವ್ ಕೂಡ ಅಮೆರಿಕದಲ್ಲೇ ಉಳಿದ. ಫೆತಿಸೊವ್, ಲರಿಯೊನೊವ್, ಮಕಾರೊವ್, ಕ್ರುತೊವ್ 1989ರಲ್ಲೇ ಅನುಮತಿ ಪಡೆದು ಹೋದರು. ತಿಖೊನೊವ್ ದುಡಿಮೆಗಾರ, ದೊಡ್ಡ ತಂತ್ರಜ್ಞ, ಒಪ್ಪೋಣ. ಅವರು 1992ರಲ್ಲೂ ಒಲಿಂಪಿಕ್ ಚಿನ್ನ ಗೆದ್ದರು. ಆದರೂ ಆ 13 ವರ್ಷದ ಗೆಲುವಿನ ಯಶಸ್ಸನ್ನು ನಾನು ಕ್ಯಾಂಪಿನ ಬೀಗಕ್ಕೆ ಕೊಡಲಾರೆ. ಬೀಗ ತೆಗೆದ ಮೇಲೆ, 1997ರಲ್ಲಿ, ಡೆಟ್ರಾಯ್ಟ್‌ನಲ್ಲಿ ಐವರು ರಷ್ಯನ್ನರು ಅದೇ ಆಟ ಆಡಿ ಸ್ಟಾನ್ಲಿ ಕಪ್ ಗೆದ್ದರು. ಅವರಲ್ಲಿ ಫೆತಿಸೊವ್, ಲರಿಯೊನೊವ್, ಫೆದೊರೊವ್ ಇದ್ದರು. ಮನೆಗೆ ಹೋಗಿ ಮಲಗಿ ಎದ್ದು ಬಂದು ಆಡಿದರು, ಆಟ ಏನೂ ಕೆಡಲಿಲ್ಲ.

ಪ್ರಶ್ನೆ: ಈ ತಂಡಕ್ಕೆ ಕುದುರೆಗಳು ಅಂತ ಅಡ್ಡಹೆಸರು ಯಾಕೆ? (ತುಮಕೂರಿನ ಓದುಗರು)

ಕ್ಲಬ್ಬಿನ ಕ್ರೀಡಾ ಕಟ್ಟಡ ಎದ್ದದ್ದು ಹಳೆಯ ಕುದುರೆ ಲಾಯ ಇದ್ದ ಜಾಗದಲ್ಲಿ ಅನ್ನುತ್ತಾರೆ. ಎದುರಾಳಿ ಅಭಿಮಾನಿಗಳು ಅಣಕಿಸಲು ಇಟ್ಟ ಹೆಸರು, ಇವರೇ ಹೆಮ್ಮೆಯಿಂದ ಇಟ್ಟುಕೊಂಡರು.

ಪ್ರಶ್ನೆ: ಸೋವಿಯತ್ ಒಕ್ಕೂಟ ಹೋದ ಮೇಲೆ ಏನಾಯಿತು? ಈಗ ಹೇಗಿದೆ? (ಬಳ್ಳಾರಿಯ ಓದುಗರು)

ದುಡ್ಡೇ ಇರಲಿಲ್ಲ. 1993ರಲ್ಲಿ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಮಾಲೀಕರು ಪಾಲು ತೆಗೆದುಕೊಂಡರು. ಸ್ಕೇಟ್ ಹಾಕಿದ ಪೆಂಗ್ವಿನ್ ಲಾಂಛನ ಬಂತು, ಬಿಟ್ಟಿ ಬಿಯರ್, ಐಸ್ ಮೇಲೆ ಕರಡಿ, ಜನ ಸೇರಿಸಲು ಏನೆಲ್ಲ ಮಾಡಿದರು. ಬಹಳ ಕಾಲ ನಡೆಯಲಿಲ್ಲ. 1996ರಲ್ಲಿ ಸೈನ್ಯಕ್ಕೂ ತಿಖೊನೊವ್‌ಗೂ ಜಗಳವಾಗಿ ಕ್ಲಬ್ ಎರಡು ಹೋಳಾಯಿತು, 2002ರಲ್ಲಿ ಮತ್ತೆ ಸೇರಿತು. ಆಮೇಲೆ ರೋಸ್‌ನೆಫ್ಟ್ ತೈಲ ಕಂಪನಿಯ ಹಣ ಬಂತು.

ಈಗ ಆಡುವುದು ಕೆಎಚ್‌ಎಲ್‌ನಲ್ಲಿ, 2008ರಲ್ಲಿ ಶುರುವಾದ ಲೀಗ್. ಅದರ ಗಗಾರಿನ್ ಕಪ್‌ಗಾಗಿ 2016 ಮತ್ತು 2018ರ ಫೈನಲ್‌ನಲ್ಲಿ ಸೋತು, 2019ರಲ್ಲಿ ಅವನ್‌ಗಾರ್ದ್ ತಂಡದ ಮೇಲೆ ಫೈನಲ್ ಸರಣಿಯನ್ನು 4–0 ಪಂದ್ಯಗಳಿಂದ ಗೆದ್ದರು. 2022ರಲ್ಲಿ ಮ್ಯಾಗ್ನಿತೊಗೊರ್‌ಸ್ಕ್ ಎದುರು 1–3 ಹಿಂದಿದ್ದು 4–3 ಮಾಡಿದರು, 2023ರಲ್ಲಿ ಕಜಾನ್ ಮೇಲೆ ಮತ್ತೆ 4–3. ಆ ಎರಡೂ ಕಪ್‌ಗೆ ಕೋಚ್ ಯಾರು ಗೊತ್ತಾ? 1990ರಲ್ಲಿ ಬಿಟ್ಟು ಹೋಗಿದ್ದ ಅದೇ ಫೆದೊರೊವ್. ರಷ್ಯದ ರಾಷ್ಟ್ರೀಯ ತಂಡವನ್ನು ಉಕ್ರೇನ್ ಯುದ್ಧದ ಕಾರಣ 2022ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಹೊರಗಿಟ್ಟಿತು, ಲೀಗ್ ಮಾತ್ರ ನಡೆಯುತ್ತಾ ಬಂತು.

ಪ್ರಶ್ನೆ: ಐಸ್ ಹಾಕಿ ಒಮ್ಮೆಯೂ ನೋಡಿಲ್ಲ. ಒಂದೇ ಪಂದ್ಯ ನೋಡು ಅಂದರೆ ಯಾವುದು ಹೇಳುತ್ತೀರಿ? (ಉಡುಪಿಯ ಓದುಗರು)

ಎರಡು ಹೇಳುತ್ತೇನೆ. ಮಾಂಟ್ರಿಯಲ್‌ನ ಆ 3–3 ಪಂದ್ಯ ಮೊದಲು. ಆಮೇಲೆ 1987ರ ಕೆನಡಾ ಕಪ್ ಫೈನಲ್‌ನ ಎರಡನೇ ಆಟ. ಮೂರು ಆಟಗಳ ಫೈನಲ್, ಮೂರೂ 6–5ರಲ್ಲಿ ಮುಗಿದವು. ಮೊದಲನೆಯದು ಸೋವಿಯತ್‌ಗೆ, ಉಳಿದೆರಡು ಕೆನಡಾಗೆ. ಹಸಿರು ಐವರು ಒಂದು ಕಡೆ, ಗ್ರೆಟ್ಸ್‌ಕಿ ಮತ್ತು ಲೆಮ್ಯೂ ಇನ್ನೊಂದು ಕಡೆ. ಪಕ್ ಕಣ್ಣಿಗೆ ಸಿಗುತ್ತಿಲ್ಲ ಅಂತ ಶುರುವಿನಲ್ಲಿ ಬೇಜಾರಾಗಬಹುದು. ಪಕ್ಕನ್ನು ಹುಡುಕಬೇಡಿ. ಲರಿಯೊನೊವ್ ತಲೆ ಎತ್ತಿ ಯಾವ ಕಡೆ ನೋಡುತ್ತಿದ್ದಾರೆ ಅಂತ ಗಮನಿಸಿ, ಪಕ್ ಅಲ್ಲಿಗೇ ಬರುತ್ತದೆ.